ಕಾಲು ಚಾಚುವಷ್ಟು ಜಾಗ

ಅವಳ ಗಂಡ ಬಾಯಿ ಬಿಡುತ್ತಿದ್ದುದು ಸ್ಕೂಟರಿನ ಮೇಲೆ ಮಾತ್ರ.

ಮನೆಯಲ್ಲಿ ಅವನಿಂದ ಒಂದು ಮಾತು ಹೊರಡಿಸಬೇಕೆಂದರೆ ಬಾವಿಗೆ ಪಾತಾಳಗರಡಿ ಇಳಿಬಿಟ್ಟು ಕೊಡ ಹುಡುಕಿದ ಹಾಗೆ. ಎಳೆದಷ್ಟೂ ಕೆಸರೇ ಬರುತ್ತಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. ಮನೆಯಲ್ಲಿದ್ದುದು ಎರಡು ಕೋಣೆ, ಅತ್ತೆಯ ಕಿವಿ ಬಲು ಚುರುಕು. ಅಡುಗೆಮನೆಯಲ್ಲಿ ಅವಳು ಮೆಲ್ಲಗೆ "ರೀ, ತಲೆನೋವು ಹೇಗಿದೆ?" ಎಂದು ಕೇಳಿದರೆ, "ಈಗ ಪರವಾಗಿಲ್ವಂತೆ ಕಣೇ" ಎಂದು ಹೊರಗಿನ ಕೋಣೆಯಿಂದ ಉತ್ತರ ಬರುತ್ತಿತ್ತು. ಅತ್ತೆ ಕೆಟ್ಟವರೇನಲ್ಲ. ಮಗ ತೊದಲುತ್ತಿದ್ದ ಕಾಲದಿಂದ ಅವನ ಪರವಾಗಿ ಮಾತಾಡಿ ಅಭ್ಯಾಸವಾಗಿತ್ತು. ಆ ಕೆಲಸಕ್ಕೂ ಒಂದು ನಿವೃತ್ತಿ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅಂಗಡಿಯಿಂದ ಅಂಗಡಿಗೆ ಹೋಗಿ ತೂಕದ ಯಂತ್ರಗಳನ್ನು ಸರಿಮಾಡುವುದು ಅವನ ಕಸುಬು. ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಅಳತೆ ನೋಡುವವಳು. ಹೊಲಿದು ಬಂದ ಅಂಗಿಯ ಮೇಲೆ ಟೇಪು ಹಿಡಿದು, ಸರಿಯಿದ್ದರೆ ಈ ರಾಶಿಗೆ, ತಪ್ಪಿದ್ದರೆ ಆ ರಾಶಿಗೆ ಹಾಕಬೇಕು. ಬೆಳಿಗ್ಗೆ ಅವಳನ್ನು ಕಾರ್ಖಾನೆಯ ಗೇಟಿಗೆ ಬಿಟ್ಟು ಅವನು ತನ್ನ ಸುತ್ತು ಹೊರಡುತ್ತಿದ್ದ, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದ. ಆ ದಾರಿಯಲ್ಲೇ ಅವನ ಮಾತು. ಎದುರಿಗೆ ರಸ್ತೆ, ಯಾರ ಮುಖವನ್ನೂ ನೋಡಬೇಕಿಲ್ಲ. ಅವಳು ಹಿಂದಿನಿಂದ ಅವನ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ಟು ತಾಗುವಷ್ಟು ಬಾಗಿ ಕೇಳುತ್ತಿದ್ದಳು. ಯಂತ್ರದಲ್ಲಿ ಒಂಚೂರು ಕೈಚಳಕ ಮಾಡಿಕೊಡು ಎಂದ ವ್ಯಾಪಾರಿಯ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ನೀನೇ ಮಾಡಿಕೋ ಎಂದದ್ದು, ಲಿಫ್ಟಿನೊಳಗೆ ಹೋದರೆ ತನಗೆ ಉಸಿರು ಕಟ್ಟುವುದು, ಎಲ್ಲ ಅಲ್ಲೇ ಹೇಳಿದ್ದು. ಮಕ್ಕಳಾಗಲಿಲ್ಲವೆಂದು ತನಗೆ ಬೇಸರವಿದೆ, ಆದರೆ ಆ ಬೇಸರ ಅವಳ ಮೇಲಲ್ಲ ಎಂದು ಹೇಳಿದ್ದೂ ಸೇತುವೆ ಇಳಿಯುವಾಗ, ಮುಂದೆ ಹೋಗುತ್ತಿದ್ದ ಮರಳಿನ ಲಾರಿಗೆ ಹಾರನ್ ಹೊಡೆಯುತ್ತಾ.

ಅವನ ಎಡಮೊಣಕಾಲು ಕೈಕೊಟ್ಟಾಗ ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿದ್ದು ಇದಕ್ಕೇ.

ಸ್ಕೂಟರಿನ ಕಾಲಿಡುವ ಜಾಗದಲ್ಲಿ ಅವನ ಪೆಟ್ಟಿಗೆ ಕೂತಿರುತ್ತಿತ್ತು: ಉಪಕರಣಗಳು, ಪರೀಕ್ಷೆಗೆ ಬೇಕಾದ ಕಬ್ಬಿಣದ ತೂಕದ ಕಲ್ಲುಗಳು. ಅದರ ಅಕ್ಕಪಕ್ಕ ಉಳಿದ ಅಂಚಿನಲ್ಲಿ ಕಾಲು ಹಿಂದಕ್ಕೆಳೆದು, ಮೊಣಕಾಲು ಮಡಚಿ ದಿನವಿಡೀ ಓಡಾಡಬೇಕು. ಸಂಜೆಯ ಹೊತ್ತಿಗೆ ಮೊಣಕಾಲು ಬನ್ನಿನಂತೆ ಊದುತ್ತಿತ್ತು. ಮಡಚಿ ಕೂರಬೇಡಿ, ಕಾಲು ನೀಡಿಕೊಂಡಿರಿ ಎಂದಿದ್ದರು ಡಾಕ್ಟರು.

"ಕಾಲು ನೀಡ್ಕೊಂಡು ಯಾವನಾದ್ರೂ ಸ್ಕೂಟರ್ ಓಡಿಸ್ತಾನಾ?" ಎಂದ ಅವನು, ದಾರಿಯಲ್ಲಿ. "ಗೆಳೆಯನೊಬ್ಬ ತನ್ನ ಅಂಗಡೀಲಿ ಒಂದು ಮೂಲೆ ಕೊಡ್ತಾನಂತೆ. ಮನೆಯಿಂದ ನಾಲ್ಕು ಹೆಜ್ಜೆ. ಗಾಡಿ ಮಾರಿ ಅಲ್ಲೇ ಕೂತ್ಕೊಂಡುಬಿಡ್ತೀನಿ. ನಿಂಗೆ ಬಸ್ಸಿದೆ."

ಬಸ್ಸೇನೋ ಇತ್ತು. ಬಸ್ಸಿನಲ್ಲಿ ಅವನು ಇರುವುದಿಲ್ಲವಲ್ಲ. ಆ ಮೂಲೆಯಲ್ಲಿ ಕೂತು ಸಂಜೆ ನೇರ ಮನೆಗೆ ಬಂದರೆ, ತಾನು ಇನ್ನು ಗಂಡನ ದನಿ ಕೇಳುವುದು "ಉಪ್ಪು" ಎಂಬ ಒಂದು ಶಬ್ದದಲ್ಲಿ ಮಾತ್ರ. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅವಳು ಹೇಳಲಿಲ್ಲ. ಬದಲಿಗೆ, ಕಾರ್ಖಾನೆಯ ಹಿಂದಿನ ಬೀದಿಯಲ್ಲಿದ್ದ ವೆಲ್ಡಿಂಗ್ ಶೆಡ್ಡಿಗೆ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ವಿಚಾರಿಸಿಕೊಂಡು ಬಂದಳು.

ಶೆಡ್ಡಿನವನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಅವನ ವೆಲ್ಡಿಂಗಿಗಿಂತ ಹೆಚ್ಚು ಕಿಡಿ ಹಾರುತ್ತಿದ್ದುದು ಅವನ ಬಾಯಿಂದ.

"ಅಕ್ಕಾ, ಇಷ್ಟಕ್ಕೆ ಗಾಡಿ ಮಾರ್ತಾರಾ? ಮುಂದಿನ ಕಬ್ಬಿಣದ ಗಾರ್ಡಿಗೆ ಎರಡು ಫುಟ್‌ರೆಸ್ಟ್ ಕಟ್ಟಿಬಿಡ್ತೀನಿ. ಅಣ್ಣ ಅದರ ಮೇಲೆ ಕಾಲಿಟ್ಕೊಂಡು ಆರಾಮ್‌ಕುರ್ಚೀಲಿ ಕೂತ ಹಾಗೆ ಹೋಗ್ಬಹುದು."

"ಪಕ್ಕದ ಗಾಡಿಗೆ ತಾಗಿದ್ರೆ?"

"ಮಡಚಿಕೊಳ್ಳುತ್ತೆ."

"ತಿರುವಿನಲ್ಲಿ ನೆಲಕ್ಕೆ ಉಜ್ಜಿದ್ರೆ?"

"ಉಜ್ಜದಷ್ಟು ಮೇಲೆ ಕಟ್ತೀನಿ."

"ತಟ್ಟನೆ ನಿಲ್ಲಿಸ್ಬೇಕಾದ್ರೆ?"

"ಬ್ರೇಕು ಎರಡೂ ಕೈಯಲ್ಲಿದೆಯಲ್ಲಕ್ಕಾ! ಗಾಡಿ ಓಡಿಸೋರು ಅಣ್ಣ ತಾನೆ? ಪರೀಕ್ಷೆ ನಂಗೆ ಯಾಕೆ?"

ಅತ್ತೆಗೆ ವಿಷಯ ತಿಳಿಯಲು ಹೊತ್ತೇನೂ ಹಿಡಿಯಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಹೇಳಿದ್ರು. ಇವನು ಗಾಡಿಯಿಂದಾಚೆ ಚಾಚೋಕೆ ಹೊರಟಿದ್ದಾನೆ" ಎಂದರು. ಮಗ ನಕ್ಕ. ನಕ್ಕದ್ದೇ ಒಪ್ಪಿಗೆಯಾಯಿತು.

ಅಳತೆ ತೆಗೆಯುವ ಕೆಲಸವನ್ನು ಅವಳು ಕಿಡಿಗೆ ಬಿಡಲಿಲ್ಲ. ಸ್ಟ್ಯಾಂಡಿನ ಮೇಲೆ ಅಳೆಯುವುದು ಬೇಡ, ಗಾಡಿ ನೆಲದ ಮೇಲಿರಲಿ ಎಂದಳು. ಪೆಟ್ಟಿಗೆ ಅದರ ಜಾಗದಲ್ಲಿರಲಿ, ಚಪ್ಪಲಿ ಬೇಡ, ದಿನವೂ ಹಾಕುವ ಬೂಟು ಹಾಕಿರಲಿ, ಜೇಬಿನಲ್ಲಿ ಕೀಲಿಗೊಂಚಲೂ ಇರಲಿ ಎಂದಳು. ಗಂಡನನ್ನು ಕೂರಿಸಿ, ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ಟೇಪು ಹಿಡಿದು ಎರಡೆರಡು ಸಲ ಅಳೆದಳು. ಕಿಡಿ ಕಬ್ಬಿಣದ ಪೈಪಿನ ಮೇಲೆ ಗುರುತು ಹಾಕುತ್ತಾ, "ಅಣ್ಣಾ, ಮದುವೆ ಸೂಟಿಗೂ ಇಷ್ಟು ಅಳತೆ ಕೊಟ್ಟಿರಲ್ಲ ನೀವು" ಎಂದ.

ಫುಟ್‌ರೆಸ್ಟ್ ಚೆನ್ನಾಗಿ ಬಂತು. ರಬ್ಬರಿನ ಹಿಡಿ ತೊಡಿಸಿದ ಎರಡು ಗಿಡ್ಡ ಕಂಬಿಗಳು, ಗಾರ್ಡಿನ ಎರಡೂ ಬದಿಯಿಂದ ಮುಂದಕ್ಕೆ ಚಾಚಿಕೊಂಡು. ಅವನು ಒಬ್ಬನೇ ಒಂದು ಸುತ್ತು ಹೋಗಿಬಂದ. ಇಳಿದವನು ಮೊಣಕಾಲಿನ ಮೇಲೆ ಕೈಯಿಟ್ಟು ಮಗುವಿನ ತಲೆ ಸವರಿದ ಹಾಗೆ ಸವರಿದ. ಅವಳಿಗೆ ಅಷ್ಟು ಸಾಕಾಯಿತು.

ಆದರೆ ಮಾರನೆಯ ಬೆಳಿಗ್ಗೆಯಿಂದ ಅವನು ಸ್ಕೂಟರಿನ ಮೇಲೂ ಮಾತಾಡಲಿಲ್ಲ.

ಹೊಸದು, ಗಮನವೆಲ್ಲ ಕಾಲಿನ ಮೇಲಿದೆ ಎಂದುಕೊಂಡಳು. ಆಮೇಲೆ, ಕೇಳದೆ ಶೆಡ್ಡಿಗೆ ಹೋಗಿದ್ದಕ್ಕೆ ಒಳಗೊಳಗೇ ಸಿಟ್ಟೇನೋ ಎಂದುಕೊಂಡಳು. ಚಿಂತೆ ಮಾಡುವವಳಿಗೆ ಕಾರಣಗಳ ಬರ ಎಲ್ಲಿ? ಒಂದು ಹೋದರೆ ಇನ್ನೊಂದು ಸಾಲಿನಲ್ಲಿ ನಿಂತಿರುತ್ತಿತ್ತು. ಅವಳು ಹಿಂದಿನಿಂದ ಮಾತು ತೆಗೆದರೆ "ಹ್ಞಾ" ಎನ್ನುತ್ತಿದ್ದ. ಸೇತುವೆ ದಾಟುವ ಹೊತ್ತಿಗೆ ಆ "ಹ್ಞಾ" ಕೂಡ ಹಲ್ಲು ಕಚ್ಚಿದ ಬಾಯಿಂದ ಬರುತ್ತಿತ್ತು. ಗೇಟಿನ ಬಳಿ ಅವಳು ಇಳಿದಾಗ ಅವನ ಮೇಲ್ದುಟಿಯ ಮೇಲೆ ಬೆವರು ಕಾಣುತ್ತಿತ್ತು. ತಂಪು ಬೆಳಗಿನಲ್ಲಿ ಎಂಥ ಬೆವರು?

ಉತ್ತರ ಸಿಕ್ಕಿದ್ದು ಒಂದು ಶನಿವಾರ. ಕೆಲಸ ಬೇಗ ಮುಗಿದು ಅವಳು ಗೇಟಿನ ಹೊರಗೆ ಕಾಯುತ್ತಾ ನಿಂತಿದ್ದಳು. ದೂರದ ತಿರುವಿನಿಂದ ಅವನು ಬರುವುದು ಕಂಡಿತು. ಬೆನ್ನು ಹಿಂದಕ್ಕೆ ವಾಲಿತ್ತು, ಕಾಲು ಹಗುರಾಗಿ ಮುಂದಕ್ಕೆ ನೀಡಿತ್ತು, ತುಟಿ ಅಲ್ಲಾಡುತ್ತಿತ್ತು. ಹಾಡುತ್ತಿದ್ದನೇ? ರಾಜನ ಹಾಗೆ ಬರುತ್ತಿದ್ದ. ಬಂದು ನಿಲ್ಲಿಸಿದ. ಅವಳು ಹತ್ತಲೆಂದು ಕಾಲೆತ್ತಿದಳು. ಆಗ ಅವನು, ಬಾಗಿಲಲ್ಲಿ ಯಾರಾದರೂ ಬಂದರೆ ಕಾಲು ಮಡಚಿ ದಾರಿ ಬಿಡುವಷ್ಟೇ ಸಹಜವಾಗಿ, ಸೀಟಿನ ಮೇಲೆ ಮುಂದಕ್ಕೆ ಸರಿದ.

ಸರಿದದ್ದು ಒಂದು ಗೇಣು. ಆ ಒಂದು ಗೇಣಿಗೆ ಅವನ ಮೊಣಕಾಲು ಮೊದಲಿಗಿಂತಲೂ ಹೆಚ್ಚು ಮಡಚಿ, ಹ್ಯಾಂಡಲ್ಲಿನ ಎತ್ತರಕ್ಕೆ ಎದ್ದು ನಿಂತಿತು.

ಅವಳು ಬೂಟು, ಪೆಟ್ಟಿಗೆ, ಕೀಲಿಗೊಂಚಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ತನ್ನೊಬ್ಬಳನ್ನು ಬಿಟ್ಟಿದ್ದಳು.

ಮನೆ ಮುಟ್ಟುವವರೆಗೂ ಅವಳ ಕಣ್ಣು ಆ ಮೊಣಕಾಲಿನ ಮೇಲೆಯೇ ಇತ್ತು. ರಾತ್ರಿ ಊಟಕ್ಕೆ ಬಡಿಸುತ್ತಾ, ಆದಷ್ಟು ಸಲೀಸಾಗಿ, "ಸೋಮವಾರದಿಂದ ನಾನು ಬಸ್ಸಲ್ಲಿ ಹೋಗ್ತೀನ್ರೀ. ನಮ್ಮ ಕಾರ್ಖಾನೆಯವರು ಮೂರ್ನಾಲ್ಕು ಜನ ಅದರಲ್ಲೇ ಬರ್ತಾರೆ" ಎಂದಳು. ಅವನ ಕೈ ತಟ್ಟೆಯ ಮೇಲೆ ನಿಂತಿತು.

"ಹಾಗೇ ಆಗ್ಲಿ ಅಂತಾನೆ ಕಣೇ" ಎಂದರು ಅತ್ತೆ.

ಅವನು ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ತುತ್ತಿಗೆ ಕೈ ಹಾಕಿದ.

ಬೆಳಗಾದ ಮೇಲೆ ಅವಳು ಬಟ್ಟೆ ಒಣಗಿಸುತ್ತಿದ್ದಲ್ಲಿಗೆ ಬಂದು, ಹಗ್ಗದ ಮೇಲಿನ ಬೆಡ್‌ಶೀಟಿನ ಆಚೆ ನಿಂತು ಹೇಳಿದ: "ಆ ಫುಟ್‌ರೆಸ್ಟ್ ಕಂಡ್ರೆ ನಿಂಗೆ ಹೆದರಿಕೆ ಅಂತ ಮೊದಲೇ ಗೊತ್ತಿತ್ತು. ಕಿಡಿ ಹತ್ರ ಹೋಗಿ ಕಿತ್ತು ಹಾಕಿಸಿಬಿಡ್ತೀನಿ. ಬಸ್ಸೆಲ್ಲಾ ಬೇಡ."

"ಕಾಲು?"

"ಕಾಲು ಇದ್ದೇ ಇದೆ. ಎಷ್ಟು ದಿನ ಆಗುತ್ತೋ ಅಷ್ಟು ದಿನ."

ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟಳು. ಒಳಗೆ ಹೋಗಿ ಹೆಲ್ಮೆಟ್ಟು, ಟೇಪು, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ತೆಗೆದುಕೊಂಡು, "ನಾನೂ ಬರ್ತೀನಿ, ನಡೀರಿ" ಎಂದಳು.

ಶೆಡ್ಡಿನಲ್ಲಿ ಕಿಡಿ ಒಂದು ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯುತ್ತಿದ್ದ. "ಕೀಳೋದಾ? ಮಗು ಹುಟ್ಟಿ ಇನ್ನೂ ನಾಮಕರಣವೇ ಆಗಿಲ್ಲ, ಆಗ್ಲೇ ಕೀಳೋದಾ?" ಎಂದು ಕುಂಚ ಕೆಳಗಿಟ್ಟ.

"ಸುಮ್ನಿರು ಸ್ವಲ್ಪ" ಎಂದಳು ಅವಳು. ಗಂಡನಿಗೆ, "ಕೂತ್ಕೊಳ್ಳಿ. ನಾನಿಲ್ಲ ಅಂದ್ಕೊಂಡು ಕೂತ್ಕೊಳ್ಳಿ" ಎಂದಳು.

ಅವನು ಕೂತ. ಅವಳು ಅವನ ಬೆನ್ನ ಹಿಂದೆ ಸೀಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಆಮೇಲೆ ಅವನ ಹೆಗಲು ಹಿಡಿದು ಹಿಂದೆ ಹತ್ತಿದಳು. ಅವನು ಸರಿದ.

"ಈಗ ಅಲ್ಲಾಡಬೇಡಿ. ಕಿಡಿ, ಗೆರೆ ಎಲ್ಲಿದೆ ನೋಡು."

ಕಿಡಿ ಬಾಗಿ ನೋಡಿದ. ಗೆರೆಗೂ ಅಣ್ಣನ ಬೆನ್ನಿಗೂ ನಡುವೆ ಒಂದು ಗೇಣು ಬರೀ ಸೀಟು. "ಅಯ್ಯೋ ಅಣ್ಣಾ! ಹ್ಯಾಂಡಲ್ಲನ್ನ ತಬ್ಕೊಂಡು ಕೂತಿದ್ದೀರಲ್ಲ!"

"ಅವಳು ಕೂರೋಕೆ ಜಾಗ ಬೇಡ್ವಾ?" ಎಂದ ಅವನು, ನಿಜವಾಗಿಯೂ ಅರ್ಥವಾಗದವನಂತೆ.

"ಇಷ್ಟು ಜಾಗ ನಾನು ಯಾವತ್ತು ಕೇಳಿದೆ ನಿಮ್ಮನ್ನ?"

"ಮದುವೆಯಾದ ಹೊಸದ್ರಲ್ಲಿ. ಬಿದ್ದುಬಿಡ್ತೀನಿ, ಬಿದ್ದುಬಿಡ್ತೀನಿ ಅಂತ ದಾರಿಯುದ್ದಕ್ಕೂ ಹೇಳ್ತಿದ್ದೆ." ಅವನು ಕತ್ತು ತಿರುಗಿಸಿ ಸೀಮೆಸುಣ್ಣದ ಗೆರೆ ನೋಡಿದ: "ಆವಾಗ್ಲಿಂದ ಹೀಗೇ ಕೂರ್ತೀನಿ. ಗಮನಿಸಿರ್ಲಿಲ್ಲ."

ಕಾರ್ಖಾನೆ ಸೇರುವ ಮೊದಲು ಟೈಲರಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವಳು ಕಲಿತ ಮೊದಲ ಪಾಠವೆಂದರೆ, ಟೇಪು ಹಿಡಿದ ಕೂಡಲೇ ಜನ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಉಸಿರು ಬಿಡುವವರೆಗೆ ಕಾಯಬೇಕು ಎಂಬುದು. ಊರಿಗೆಲ್ಲ ಕಾದವಳು, ಇಷ್ಟು ವರ್ಷ ಮೈ ಮುದುಡಿ ಕೂತ ಒಂದು ಬೆನ್ನನ್ನು ಅದರ ಹಿಂದೆಯೇ ಕೂತು ಕಂಡಿರಲಿಲ್ಲ. ಅದಕ್ಕೆ ಒರಗಿಕೊಂಡು ರಸ್ತೆಯನ್ನು ಕಾವಲು ಕಾಯುತ್ತಿದ್ದಳು, ಅಷ್ಟೆ.

"ಫುಟ್‌ರೆಸ್ಟ್ ಹಿಂದಕ್ಕೆ ತರೋಕಾಗಲ್ವಾ?" ಎಂದು ಕಿಡಿಯನ್ನು ಕೇಳಿದಳು.

"ತಂದ್ರೆ ಪೆಟ್ಟಿಗೆಗೆ ಒದೀತಾರೆ. ಪೆಟ್ಟಿಗೆ ಬಿಡೋಕಾಗಲ್ಲ, ಅಣ್ಣನ ಕಾಲು ಗಿಡ್ಡ ಆಗಲ್ಲ. ಇನ್ನು ಸರಿಯೋರು ಯಾರು ಉಳಿದ್ರು?" ಕಿಡಿ ಅವಳನ್ನೇ ನೋಡಿದ. "ಹಿಂದಿನ ಹಿಡಿಕೆ ತೆಗೆದು, ಸೀಟನ್ನ ಸ್ವಲ್ಪ ಉದ್ದ ಮಾಡಿ, ಬೆನ್ನಿಗೊಂದು ಒರಗು ಕಟ್ತೀನಿ. ನೀವು ಆ ತುದಿಗೆ ಹೋಗ್ಬೇಕು. ಚಕ್ರಕ್ಕಿಂತ ಆಚೆ."

"ಬೇಡ" ಎಂದ ಗಂಡ. "ಅವಳಿಗೆ ಹೆದರಿಕೆ."

"ಹೆದರಿಕೆ ನಂದು. ನಾನು ನೋಡ್ಕೋತೀನಿ" ಎಂದಳು ಅವಳು. "ಕಟ್ಟು ಕಿಡಿ. ಈ ಸಲ ಇಬ್ಬರನ್ನೂ ಕೂರಿಸಿ ಅಳತೆ ತಗೋ."

ಒರಗು ಸಿದ್ಧವಾಗಿ ಮೊದಲ ಬೆಳಿಗ್ಗೆ ಹೊರಟಾಗ ಅವಳಿಗೆ ಮರದ ಕೊಂಬೆಯ ತುದಿಯಲ್ಲಿ ಕೂತ ಹಾಗಿತ್ತು. ಹಿಡಿದುಕೊಳ್ಳಲು ಹೆಗಲು ಕೈಗೆಟುಕುತ್ತಿರಲಿಲ್ಲ. ಒರಗಿನ ಎರಡು ಪಕ್ಕದ ಕಂಬಿಗಳನ್ನೇ ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿದ್ದಳು. ಅವನು ಒಮ್ಮೆ ಅಭ್ಯಾಸಬಲದಿಂದ ಮುಂದೆ ಸರಿಯಹೋದ. ಅವಳು ಅಂಗಿಯ ಚುಂಗು ಹಿಡಿದು ಹಿಂದಕ್ಕೆಳೆದಳು. ಅವನ ಕಾಲು ಉದ್ದಕ್ಕೆ ನೀಡಿತ್ತು. ಮೊಣಕಾಲು ಮಡಚಿರಲಿಲ್ಲ.

ಆದರೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗುತ್ತಿರಲಿಲ್ಲ. ಇಬ್ಬರ ನಡುವೆ ಗಾಳಿ ಧಾರಾಳವಾಗಿ ನುಗ್ಗುತ್ತಿತ್ತು. ಸೇತುವೆಯ ಮೇಲೆ ಅವನ ದವಡೆ ಅಲ್ಲಾಡಿದ್ದು ಹಿಂದಿನಿಂದ ಕಂಡಿತು, ಮಾತು ಕೇಳಲಿಲ್ಲ. ಪಕ್ಕದಲ್ಲಿ ಬಸ್ಸೊಂದು ಗುಡುಗಿಕೊಂಡು ಹೋಯಿತು. ಕಾಲು ಉಳಿಯಿತು, ಗಾಡಿ ಉಳಿಯಿತು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದೇ ಗಾಳಿಗೆ ಹೋಯಿತಲ್ಲ ಎನ್ನಿಸಿ ಅವಳ ಕಣ್ಣು ತುಂಬಿತು.

"ಏನಂದ್ರಿ?" ಎಂದು ಕೂಗಿದಳು.

ಅವನು ಇನ್ನೇನೋ ಹೇಳಿದ. ಅದೂ ಕೇಳಲಿಲ್ಲ.

"ಕೇಳಿಸ್ತಿಲ್ಲ!"

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಸುತ್ತ ಹತ್ತಾರು ಗಾಡಿಗಳು ಗುರುಗುಟ್ಟುತ್ತಿದ್ದವು. ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ, ಮಗುವನ್ನು ಶಾಲೆಗೆ ಬಿಡಲು ಹೊರಟ ಒಬ್ಬ ತಾಯಿ. ಅವನು ಫುಟ್‌ರೆಸ್ಟಿನಿಂದ ಕಾಲಿಳಿಸಿ ನೆಲಕ್ಕೂರಿದ. ತಿರುಗಿ ನೋಡಲಿಲ್ಲ. ಎದುರಿನ ಕೆಂಪು ದೀಪವನ್ನೇ ನೋಡುತ್ತಾ, ಜನ್ಮದಲ್ಲಿ ಒಂದು ಸಲವೂ ಏರಿಸದ ದನಿಯನ್ನು ಏರಿಸಿ ಕೂಗಿದ:

"ನೀನು ಬಸ್ಸಲ್ಲಿ ಹೋಗ್ತೀನಿ ಅಂದೆಯಲ್ಲ! ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ!"

ಹಾಲಿನವನು ತಿರುಗಿ ನೋಡಿದ. ಶಾಲೆಯ ಮಗುವೂ ನೋಡಿತು. ಅವನ ಕುತ್ತಿಗೆ ಹೆಲ್ಮೆಟ್ಟಿನ ಕೆಳಗೆ ಕೆಂಪಗಾಯಿತು. ದನಿ ನಡುವೆ ಒಂದು ಕಡೆ ಒಡೆದಿತ್ತು. ಆ ಗಂಟಲೊಳಗೆ ಅಷ್ಟು ದೊಡ್ಡ ದನಿಯಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಂಗೂ ಬರ್ಲಿಲ್ಲ!" ಎಂದು ಅವಳೂ ಕೂಗಿದಳು. "ಆಮೇಲೆ?"

ದೀಪ ಹಸಿರಾಯಿತು. ಅವನು ಕಾಲು ಮೇಲಿಟ್ಟು, ನೀಡಿ, ಗಾಡಿ ಎಬ್ಬಿಸಿದ. ಗಾಳಿಗಿಂತ ಗಟ್ಟಿಯಾಗಿ, ಹೇಳುತ್ತಾ ಹೋದ.