ಸೂರೊಲ್ಲದ ಅಕ್ಕಂದಿರು

ಹಕ್ಕಿಯ ನೆರಳೊಂದು ದೊಡ್ಡಕ್ಕನ ಕಲ್ಲುಮುಖ ಸವರಿಕೊಂಡು ಹೋಯಿತು, ಮಂಡಗದ್ದೆಯ ಹಕ್ಕಿಧಾಮದ ಕಡೆ ಹೊರಟದ್ದಿರಬೇಕು, ನಾಳೆ ತಗಡು ಹೊದಿಸಿದರೆ ಈ ನೆರಳು ಎಲ್ಲಿಗೆ ಬೀಳುತ್ತದೆ — ಸಾಲಾಗಿ ಏಳು ಕಲ್ಲುದೇವಿಯರು, ಊರಿಗೆಲ್ಲ ಅಕ್ಕಂದಿರು, ಸುತ್ತ ಪಾಚಿಗಟ್ಟಿದ ಗೋಡೆ, ಮೇಲೆ ಬರೀ ಆಕಾಶ, ಪ್ರತಿಮಾಳ ಅಂಗೈಯಲ್ಲಿ ಎರಡು ಕೆಂಪು ಕೇಪಳದ ಹೂ, ಹಚ್ಚೇ ಹುಡುಗಿ, ಎಷ್ಟೊತ್ತು, ಅನ್ನುತ್ತಿದ್ದಾರೆ ಹಿಂದೆ ನಿಂತ ಮಂಜುನಾಥಪ್ಪ, ಗುಡಿ ಸಮಿತಿಯ ಹಿರಿಯರು, ಕೆಟ್ಟವರಲ್ಲ, ಹೋದ ಮಳೆಗಾಲ ಪೂಜೆಯ ನಡುವೆ ದೀಪ ಆರಿದ್ದು ನೆನೆದರೆ ಇವತ್ತಿಗೂ ಕೆನ್ನೆ ಬಡಿದುಕೊಳ್ಳುತ್ತಾರೆ, ಹೊಸನಗರದಿಂದ ಕಂಬ, ತಗಡು ತರಿಸಿ ಹೊರಗೆ ಒಟ್ಟಿದ್ದಾರೆ, ಆದರೂ ದೇವಿಯರನ್ನು ಕೇಳದೆ ಒಂದು ಮೊಳೆ ಹೊಡೆಯುವಂತಿಲ್ಲ, ದೊಡ್ಡಕ್ಕನ ಎರಡು ಭುಜಕ್ಕೆ ನೀರದ್ದಿ ಹಚ್ಚಿದ ಹೂಗಳಲ್ಲಿ ಬಲದ್ದು ಮೊದಲು ಬಿದ್ದರೆ ಸೂರು, ಎಡದ್ದು ಬಿದ್ದರೆ ಬೇಡ, ಊರಿನ ಮೊದಲ ಸಸಿನಟ್ಟಿ ಯಾರ ಗದ್ದೆಯದೋ ಆ ಮನೆಯ ಮಗಳೇ ಹೂ ಹಚ್ಚಬೇಕು, ಅದು ಕಟ್ಟಳೆ, ಈ ಸಲ ಅದು ಪ್ರತಿಮಾಳ ಮನೆ. ನಿಮ್ಮನೆಗೆ ಹೆಂಚು, ತಾಯಿಗೆ ಮಳೆ, ಇದೆಂಥಾ ನ್ಯಾಯ ಗುತ್ಯಮ್ಮ ಎಂದು ಅವರು ಅಜ್ಜಿಯನ್ನು ಕೆಣಕಿದ್ದರು, ಅವ್ಳು ನಿನ್ ಹತ್ರ ಕೊಡೆ ಕೇಳಿದ್ಲಾ ಮಾರಾಯ ಎಂದು ಅಜ್ಜಿ ಎಲೆಯಡಿಕೆ ಉಗಿದು ಬಂದಿದ್ದಳು, ಅಜ್ಜಿಯ ತೊಡೆ, ಅಜ್ಜಿಯ ಸೀರೆಯ ಹೊಗೆವಾಸನೆ, ಒಂದಾನೊಂದು ಕಾಲದಲ್ಲಿ ಈ ಗುಡಿಗೂ ಸೂರಿತ್ತು ಮಗಾ, ಆಷಾಢದ ಮಳೆಯಲ್ಲಿ ನಟ್ಟಿಯ ಹೆಂಗಸರು ನಡುಗುತ್ತ ಹಾಡುತ್ತಿದ್ದರಂತೆ, ಅವ್ರು ನೆನೀತಿರ್ಬೇಕಾದ್ರೆ ನಾವ್ ಬೆಚ್ಚಗೆ ಕೂತಿರೋದಾ ಎಂದು ಏಳೂ ಅಕ್ಕಂದಿರು ಎದ್ದು ಕೈ ಮೇಲೆತ್ತಿದರಂತೆ, ಸೂರು ಹಾರಿ ಹೋಯಿತಂತೆ, ಅವತ್ತಿನಿಂದ ನಾವು ನೆನೆದರೆ ಅವರೂ ನೆನೆಯುತ್ತಾರೆ, ಗದ್ದೆಯಲ್ಲಿ ಬೆನ್ನು ಮುರಿಯುವಾಗೆಲ್ಲ ಪ್ರತಿಮಾ ಅದನ್ನೇ ನೆನೆದು ಇನ್ನೊಂದು ಹಿಡಿ ಸಸಿ ನೆಟ್ಟಿದ್ದಾಳೆ, ಆ ಜೊತೆ ತಪ್ಪಿಹೋದರೆ —

ಬೆರಳು ಗಂಧದ ಬಟ್ಟಲಿಗೆ ಹೋಯಿತು, ಎಡದ ಹೂವಿಗೆ ಬರೀ ನೀರು, ಬಲದ್ದಕ್ಕೆ ಗಂಧ, ಇನ್ನೂ ಒಂದಿಷ್ಟು, ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಸಂಜೆಯವರೆಗೂ ಅಲುಗುವುದಿಲ್ಲ, ಯಾರಿಗೂ ಕಾಣುವುದಿಲ್ಲ, ಬದಿಗೆ ಕೂತ ಅಜ್ಜಿ ಅವಳ ಕಡೆ ನೋಡಲೂ ಇಲ್ಲ, ಗೋಡೆಗೆ ಹೇಳುವಂತೆ ಮೆಲ್ಲಗೆ, ಕೇಳಿದ್ಮೇಲೆ ಹೇಳಕ್ಕೆ ಬಿಡ್ಬೇಕು. ಅಷ್ಟೇ. ಸೂರನ್ನೇ ಹಾರಿಸಿದವರ ಬಾಯಿಗೆ ತಾನು ಗಂಧ ಮೆತ್ತಿದಳೇ, ಬೇಡ ಅಂದರೂ ಅದು ತನ್ನ ಹೆಬ್ಬೆರಳಿನ ಮಾತು, ಆಮೇಲೆ ಯಾವ ಮಳೆಯಲ್ಲಿ ಯಾರ ಮುಖ ನೋಡುವುದು — ಹೂ ಕಿತ್ತಳು, ತೊಳೆದಳು, ಎಂತಾಯ್ತೇ ಎಂದರು ಮಂಜುನಾಥಪ್ಪ, ಬಲದ್ದಕ್ಕೆ ಗಂಧ ಜಾಸ್ತಿಯಾಗಿತ್ತು ದೊಡ್ಡಪ್ಪಾ, ಬೀಳ್ತಿರ್ಲಿಲ್ಲ, ಅವರು ನಕ್ಕರು, ಎಲಾ ಇವಳ, ನನ್ ಪಾರ್ಟಿನೇನೇ ನೀನು. ಎರಡಕ್ಕೂ ಬರೀ ನೀರು, ಎರಡೂ ಹಗುರ, ಕೈ ಹಿಂದೆಗೆದಳು, ಈಗ ಅವಳದೇನೂ ಇಲ್ಲ, ಎಂಥ ಹಗುರ ಅದೂ, ಬಲದಲ್ಲೊಂದು ಕೆಂಪು, ಎಡದಲ್ಲೊಂದು ಕೆಂಪು, ತೆರೆದ ಆಕಾಶದಿಂದ ಗಾಳಿಯೊಂದು ಗೋಡೆಯೊಳಗೆ ಇಳಿಯಿತು, ಅಕ್ಕಂದಿರ ತಲೆ ಸವರಿತು, ಬಲದ ಕೆಂಪು ನಡುಗಿ ನಿಂತಿತು, ಎಡದ ಕೆಂಪು ನಡುಗಿತು, ಒಂದು ಎಸಳು ಕಲ್ಲು ಬಿಟ್ಟಿತು, ಇನ್ನೊಂದು ಬಿಟ್ಟಿತು, ಎಡದ ಕೆಂಪು, ಕಲ್ಲಿಗೂ ಗಾಳಿಗೂ ನಡುವೆ, ಎಡದ ಕೆಂಪು