ಬೆಳ್ಳಿಗೆ ಹುಚ್ಚು ಹಿಡಿದಿರಲಿಲ್ಲ

ನಮ್ಮ ಕಡೆ ನಾಯಿ ಮರಿ ಹಾಕಿದ ಸುದ್ದಿ, ಮರಿಗಳು ಕಣ್ಣು ಬಿಡುವ ಮೊದಲೇ ಊರು ಸುತ್ತಿ ಬರುತ್ತದೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಗಂಡು ಮರಿ ಇದ್ರೆ ನಮ್ಗೊಂದು ಇಡು." ಹೆಣ್ಣು ಮರಿಯನ್ನು ಕೇಳುವವರಿಲ್ಲ. ಅದಕ್ಕೆ ಗೋಣಿಚೀಲ ಇದೆ, ಸಮುದ್ರ ದಂಡೆ ಇದೆ. "ಅಲ್ಲಿ ಮೀನಿನ ತಲೆ ತಿಂದ್ಕಂಡು ಬದುಕ್ತಾವೆ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ತಾಯಿಯ ಹಾಲು ಬಿಟ್ಟು ಬೇರೇನೂ ಗೊತ್ತಿಲ್ಲದ ಮರಿ ಮೀನಿನ ತಲೆಯನ್ನು ಹೇಗೆ ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಾನು ಸುಮಿತಾ. ಕಿನ್ನರ ಎಂಬ ಊರಿನಲ್ಲಿ ಪಶುಸಖಿ. ಊರಿನ ದನ, ಆಡು, ಕೋಳಿಗಳ ಆರೋಗ್ಯ ವಿಚಾರಿಸಿ, ಬೇಕಾದಾಗ ಪಶು ಡಾಕ್ಟರಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಜನರ ಹತ್ತಿರ ಮೆತ್ತಗೆ ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಅವತ್ತು ಮಾತ್ರ ನನ್ನಿಂದ ಅದು ಆಗಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಯಶೋದಾಳ ಫೋನು ಬಂತು. ನಮ್ಮ ಸ್ವಸಹಾಯ ಸಂಘದ ಹೆಂಗಸು ಅವಳು. ಗಂಡ ಪ್ರಕಾಶ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿ ಬರುತ್ತಾನೆ.

"ಸುಮಿತಕ್ಕಾ, ಬೇಗ ಬಾ. ಬೆಳ್ಳಿ ಇವ್ರಿಗೆ ಕಚ್ಚಿ ಬಿಡ್ತು. ಹುಚ್ಚು ಹಿಡಿದದೆ ಅಂತ ಹೊಡೆದು ಹಾಕೂಕೆ ಹೊರಟಾರೆ."

ನಾನು ಹೋದಾಗ ಅಂಗಳದಲ್ಲಿ ಪ್ರಕಾಶ ಕೈಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಪಕ್ಕದ ಮನೆಯ ದತ್ತಾ ದೊಣ್ಣೆ ಹಿಡಿದಿದ್ದ. ಅವರ ಮನೆಯ ಹೆಣ್ಣು ನಾಯಿ ಬೆಳ್ಳಿ ಕಟ್ಟಿಗೆ ರಾಶಿಯ ಹಿಂದೆ ಮುದುಡಿಕೊಂಡು ಗುರ್ ಎನ್ನುತ್ತಿತ್ತು. ಅದಕ್ಕೆ ಇನ್ನೂ ಒಂದು ವರ್ಷ ತುಂಬಿ ಎರಡು ತಿಂಗಳೂ ಆಗಿಲ್ಲ.

"ದೊಣ್ಣೆ ಕೆಳಗಿಡು ದತ್ತಾ," ಅಂದೆ. "ಪ್ರಕಾಶಾ, ನೀನು ಮೊದಲು ನಲ್ಲಿ ಕೆಳಗೆ ಕೈ ಹಿಡಿ. ಸೋಪು ಹಚ್ಚಿ ಕಾಲು ಗಂಟೆ ತೊಳಿ."

"ಅರಿಶಿಣ ಹಾಕಿದ್ದೆ."

"ಅರಿಶಿಣ ಪಲ್ಯಕ್ಕೆ ಹಾಕು. ಕೈ ತೊಳೆದು ಈಗ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೋ. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ಯಾ?"

ಅವನು ನೆಲ ನೋಡಿದ. ಹಾಕಿಸಿರಲಿಲ್ಲ.

ದತ್ತಾ ಸುಮ್ಮನಿರಲಿಲ್ಲ; ಹೆಂಗಸರನ್ನು ಅವನು 'ಬಾಯೀ' ಎಂದೇ ಕರೆಯುವುದು. "ಬಾಯೀ, ಎಂತಾ ನೋಡೂದದೆ? ಹುಚ್ಚು ನಾಯಿ. ಒಂದೇಟಿಗೆ ಮುಗೀತದೆ."

"ಕೊಂದ್ರೆ ಹುಚ್ಚು ಇತ್ತೋ ಇಲ್ವೋ ಹೆಂಗೆ ಗೊತ್ತಾತದೆ? ಕಚ್ಚಿದ ನಾಯಿನ ಹತ್ತು ದಿನ ಕಟ್ಟಿ ಹಾಕಿ ನೋಡಬೇಕು. ಡಾಕ್ಟರಿಗೆ ಫೋನು ಮಾಡಿದ್ದೆ, ಬತ್ತಾರೆ. ಯಾರೂ ಮುಟ್ಟೂದು ಬೇಡ."

ದೂರದಿಂದಲೇ ಬಗ್ಗಿ ನೋಡಿದೆ. ಬೆಳ್ಳಿಯ ಮೊಲೆಗಳು ಕೆಂಪಗೆ ಬಾತು ಕಲ್ಲಾಗಿದ್ದವು. ಒಂದರಿಂದ ಕೀವಿನಂಥ ಹಾಲು ಜಿನುಗುತ್ತಿತ್ತು. ನನಗೆ ಒಮ್ಮೆಲೇ ಅರ್ಥವಾಯಿತು.

"ಮರಿ ಎಲ್ಲಿ?" ಅಂತ ಕೇಳಿದೆ.

ನಲ್ಲಿಯ ಕೆಳಗೆ ಕೈ ಹಿಡಿದಿದ್ದ ಪ್ರಕಾಶ ಮುಖ ತಿರುಗಿಸಿದ. ಅದನ್ನು ನೋಡಿಯೇ ನನ್ನ ತಲೆಗೆ ಸಿಟ್ಟೇರಿತು. ಯಾಕೆಂದರೆ ಇದೆಲ್ಲ ಮೊದಲೇ ಹೇಳಿದ್ದೆ. ಬೆಳ್ಳಿಗೆ ಹತ್ತು ತಿಂಗಳಾದಾಗ ಜಗಲಿ ಮೇಲೆ ರಕ್ತದ ಹನಿ ಬಿದ್ದಿತ್ತು. ಯಶೋದಾ ಸಂಘದ ಸಭೆಯಲ್ಲಿ ಕೇಳಿದಳು. ನಾನು ಹೇಳಿದೆ: ಬೆದೆಗೆ ಬಂದಿದೆ, ಮೂರು ವಾರ ಮನೆಯೊಳಗೆ ಕಟ್ಟಿ ಹಾಕಿ, ಅದಿನ್ನೂ ಮರಿ, ಹೆರುವ ವಯಸ್ಸಲ್ಲ. ಪ್ರಕಾಶ ನಕ್ಕು ಬಿಟ್ಟಿದ್ದನಂತೆ. ನಾಯಿಗೂ ಹೊರಗೆ ಕೂರುವ ಪದ್ಧತಿ ಬಂತಾ ಎಂದು. ನಾಲ್ಕೇ ದಿನಕ್ಕೆ ದತ್ತಾನ ಗಂಡು ನಾಯಿ ಟೈಗರ ಬೇಲಿ ಹಾರಿ ಬಂದ. ಆಗಲಾದರೂ ವಾರದೊಳಗೆ ಪಶು ಆಸ್ಪತ್ರೆಗೆ ಒಯ್ದಿದ್ದರೆ ಡಾಕ್ಟರು ಪರೀಕ್ಷೆ ಮಾಡಿ ದಾರಿ ಹೇಳುತ್ತಿದ್ದರು. ಇವರು ಒಯ್ಯಲಿಲ್ಲ. ಪ್ರಕಾಶನ ತಾಯಿ ಬೀರಿ ಗರ್ಭ ಇಳಿಯಲೆಂದು ಅನ್ನಕ್ಕೆ ಪಪ್ಪಾಯಿ ಕಾಯಿ ಕಲಸಿ ಹಾಕಿದಳು. ಬೆಳ್ಳಿ ಅನ್ನ ತಿಂದು ಪಪ್ಪಾಯಿ ಬಿಟ್ಟಿತು. ಎರಡು ತಿಂಗಳಿಗೆ ಐದು ಮರಿ ಹಾಕಿತು.

ಯಶೋದಾಳೇ ಕೊನೆಗೆ ಬಾಯಿ ಬಿಟ್ಟಳು. "ಎರಡು ಗಂಡಿತ್ತು. ಇಪ್ಪತ್ತು ದಿನಕ್ಕೇ ಬಂದು ಒಯ್ದ್ರು. ಮಾರನೇ ದಿನ ಮೂರು ಹೆಣ್ಣನ್ನೂ ಇವ್ರು... ನಾ ಬೇಡ ಅಂದೆ ಅಕ್ಕಾ. ನನ್ನ ಮಾತು ಯಾರು ಕೇಳ್ತಾರೆ?"

"ಹಾಲು ಕುಡಿಯೂ ಐದೂ ಮರಿ ಎರಡು ದಿನದಲ್ಲಿ ಇಲ್ದೆ ಹೋದ್ರೆ ಹಾಲು ಎಲ್ಲಿಗೆ ಹೋಗಬೇಕು?" ನಾನು ಕೂಗಿದ್ದು ಪಕ್ಕದ ಕೇರಿಗೂ ಕೇಳಿರಬೇಕು. "ಕೆಚ್ಚಲು ಬಾತು ಜ್ವರ ಬಂದದೆ. ಅಂಥಾ ನಾಯಿನ ಕೈ ಹಾಕಿ ಎಳೆದ್ರೆ ಕಚ್ಚದೇ ಮುದ್ದು ಮಾಡ್ತದಾ?"

ದತ್ತಾ ನಗುತ್ತಿದ್ದ. ನಾನು ಅವನ ಕಡೆ ತಿರುಗಿದೆ.

"ನಗಬೇಡ. ಮರಿ ನಿನ್ನ ಟೈಗರಂದು."

"ಅದು ಗಂಡು, ಬಾಯೀ. ತಿರುಗ್ತದೆ. ನಂಗೆ ಎಂತಾ ಸಂಬಂಧ?"

"ಸಂಬಂಧ ಇಲ್ಲಾ? ಮರಿ ಹುಟ್ಟಿಸೂಕೆ ನಿನ್ನ ನಾಯಿ, ಕೊಲ್ಲೂಕೆ ನಿನ್ನ ದೊಣ್ಣೆ. ನಡುವಿನದೆಲ್ಲ ಈ ಬಡಪಾಯಿಗೆ!"

ಅಷ್ಟರಲ್ಲಿ ಬೀರಿ ಜಗಲಿಯಿಂದ ಇಳಿದು ಬಂದಳು. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಹೆಣ್ಣು ನಾಯಿ ಮನೆಗೆ ದಂಡ, ಆಪರೇಷನ್ ಮಾಡಿಸಿದರೆ ಪಾಪ ಎಂದು ನನ್ನ ಜೊತೆ ಎಷ್ಟೋ ಸಲ ಜಗಳ ಕಾದವಳು. ಕಟ್ಟಿಗೆ ರಾಶಿಯಿಂದ ಮಾರು ದೂರ ನಿಂತು ಬೆಳ್ಳಿಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ನಂಗೂ ಹಿಂಗೇ ಆಗಿತ್ತು ತಂಗಿ," ಅಂದಳು. "ಇವ್ನಿಗಿಂತ ಮೊದ್ಲು ಒಂದು ಹೆಣ್ಣು ಹುಟ್ಟಿತ್ತು. ಹದಿನೈದು ದಿನ ಇತ್ತು, ಹೋಯ್ತು. ಹಾಲಿಗೆ ಗೊತ್ತಾತದಾ ಮಗು ಇಲ್ಲ ಅಂತ? ಕಲ್ಲಾಯ್ತು. ಯಾರಾದ್ರೂ ಹತ್ರ ಬಂದ್ರೆ ಕಚ್ಚೂಕೆ ಹೋಗ್ತಿದ್ದೆ. ನಂಗೂ ಹುಚ್ಚು ಹಿಡೀತು ಅಂದಿದ್ರು."

ಪ್ರಕಾಶ ಟವೆಲ್ ಹಿಡಿದು ಬೆಪ್ಪಾಗಿ ನಿಂತ. ಈ ಮಾತು ಅವನು ಈವರೆಗೆ ಕೇಳಿರಲಿಲ್ಲ ಎಂದು ಕಾಣುತ್ತದೆ.

"ಎಲ್ಲಿ ಬಿಟ್ಟಿ ಹೇಳು," ಬೀರಿ ಗದರಿದಳು.

"ಮಾಜಾಳಿ ದಂಡೆ ಮೇಲೆ, ಅವ್ವಿ. ಕೆಲಸಕ್ಕೆ ಹೋಗೂವಾಗ. ದೋಣಿ ಎಳೆಯೂ ಜಾಗದಲ್ಲಿ."

"ಇಂಜೆಕ್ಷನ್ ತಗೊಂಡು ಸೀದಾ ಅಲ್ಲಿಗೆ ಹೋಗು. ಮರಿ ಇಲ್ದೆ ಮನೆಗೆ ಬಂದ್ರೆ ನಿಂಗೆ ಗಂಜಿ ಇಲ್ಲ."

ಡಾಕ್ಟರು ಬಂದರು. ಬಾಯಿಗೆ ಬಟ್ಟೆ ಕಟ್ಟಿ ಬೆಳ್ಳಿಯನ್ನು ಪರೀಕ್ಷಿಸಿದರು. ಕೆಚ್ಚಲು ಬಾವು, ಜ್ವರ. ಇಂಜೆಕ್ಷನ್ ಕೊಟ್ಟು, ಬಿಸಿನೀರಿನ ಬಟ್ಟೆಯಿಂದ ಕಾವು ಕೊಡಲು ಹೇಳಿದರು. ಹುಚ್ಚಿನ ಲಕ್ಷಣ ಕಾಣುತ್ತಿಲ್ಲ, ಆದರೂ ಹತ್ತು ದಿನ ಕಟ್ಟಿ ಹಾಕಿ ಗಮನಿಸಲೇಬೇಕು, ಪ್ರಕಾಶ ಒಂದು ಇಂಜೆಕ್ಷನ್ನನ್ನೂ ತಪ್ಪಿಸಬಾರದು ಎಂದರು. ಮರಿ ಸಿಕ್ಕರೆ ತಮಗೆ ತೋರಿಸದೆ ಹಾಲಿಗೆ ಬಿಡಬಾರದು ಎಂದೂ ಹೇಳಿ ಹೋದರು.

ಯಶೋದಾಳೂ ನಾನೂ ಪ್ರಕಾಶನ ಜೊತೆ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮಾಜಾಳಿಗೆ ಹೋದೆವು. ದಂಡೆಯಲ್ಲಿ ಮೀನು ಒಣಹಾಕುತ್ತಿದ್ದ ಮಂಜಿ ಎಂಬ ಹೆಂಗಸನ್ನು ಕೇಳಿದೆವು. ಅವಳು ಪ್ರಕಾಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓ, ಆ ಗೋಣಿ ನಿಮ್ದಾ? ಈ ತಿಂಗ್ಳಲ್ಲಿ ನಾಕನೇದು. ಕೈಗಾ ಕಡೆಯಿಂದ ಒಬ್ರು, ಅಂಕೋಲೆಯಿಂದ ಒಬ್ರು, ಎಲ್ರಿಗೂ ಬಿಡೂಕೆ ನಮ್ಮ ದಂಡೆಯೇ ಬೇಕು. ಬದುಕಿದ್ದು ದೊಡ್ಡದಾತದೆ, ಮತ್ತೆ ಹೆರ್ತದೆ. ನನ್ನ ಮೊಮ್ಮಗಳ ಕಾಲು ನೋಡಿ ಬನ್ನಿ. ಶಾಲೆಗೆ ಹೋಗೂವಾಗ ಕಚ್ಚಿದ್ದು. ಅದಕ್ಕೆ ನಾ ಯಾರನ್ನ ಕೇಳ್ಲಿ? ನಿಮ್ಮನ್ನ ಕೇಳ್ಲಾ?"

ನಾನೂ ತಲೆ ತಗ್ಗಿಸಿದೆ. ಅವಳ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದಿತ್ತು, ಅದಕ್ಕೆ ಹಕ್ಕೂ ಹೆಚ್ಚಿತ್ತು.

ಬೈದಾದ ಮೇಲೆ ಒಂದು ಬುಟ್ಟಿ ತಂದು ಕೊಟ್ಟಳು. ಒಳಗೆ ಹಳೇ ಸೀರೆ ತುಂಡಿನ ಮೇಲೆ ಎರಡು ಮರಿ. ಬಟ್ಟೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿ ಉಳಿಸಿಕೊಂಡಿದ್ದಳು. ಮೂರನೆಯದು ಸತ್ತು ದೋಣಿಯ ಮರೆಯಲ್ಲಿ ಬಿದ್ದಿತ್ತು. ಪ್ರಕಾಶ ಒಂದೇ ಕೈಯಲ್ಲಿ ಮರಳು ತೋಡಿ ಅದನ್ನು ಹೂಳಿದ. ಅವನು ಅತ್ತ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ದಾರಿಯಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ಹೇಳಿದಂತೆ ಸಂಜೆ ಬಾವಿಲ್ಲದ ಮೊಲೆಗಳಿಗಷ್ಟೇ ಮರಿಗಳನ್ನು ಬಿಟ್ಟೆವು. ಬೆಳ್ಳಿ ಅವನ್ನು ನೆಕ್ಕಿದ್ದೇ ನೆಕ್ಕಿದ್ದು. ಆಮೇಲೆ ತಲೆಯೆತ್ತಿ ಅಂಗಳದ ಕಡೆ ನೋಡುತ್ತಾ ಇತ್ತು. ಇನ್ನೂ ಮೂರು ಬರಬೇಕಿತ್ತು ಅದಕ್ಕೆ.

ಹತ್ತು ದಿನ ಕಳೆಯಿತು. ಬೆಳ್ಳಿ ಗುಣವಾಯಿತು. ಮರಿಗಳಿಗೆ ಜಂತಿನ ಔಷಧಿ ಕೊಟ್ಟೆವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿದೆವು. ಹಾಲು ಬತ್ತಿದ ಮೇಲೆ ಡಾಕ್ಟರು ಹೇಳಿದ ದಿನ ಬೆಳ್ಳಿಗೆ ಸಂತಾನಹರಣ ಆಪರೇಷನ್ ಆಯಿತು. ಅವತ್ತು ಅದನ್ನು ಮಡಿಲಲ್ಲಿ ಹಾಕಿಕೊಂಡು ಆಟೋದಲ್ಲಿ ಕೂತವಳು ಬೀರಿ.

"ಪಾಪ ಅಂತಿದ್ಯಲ್ಲ ಅಜ್ಜಿ?" ಎಂದು ನಾನು ಕೆಣಕಿದೆ.

"ಪಾಪ ಎಂತದು ಅಂತ ಗೊತ್ತಾತು, ಅದನ್ನ ಮಾಜಾಳಿ ದಂಡೆ ಮೇಲೆ ಹೂತು ಬಂದಾನೆ ನನ್ನ ಮಗ," ಅಂದಳು. "ಮರೀಗೂ ವಯಸ್ಸಾದ ಕೂಡ್ಲೇ ಮಾಡ್ಸುವಾ. ಎರಡೂ ನಮ್ಮನೇಲೇ ಇರ್ಲಿ."

ದತ್ತಾ ಮಾತ್ರ ಇನ್ನೂ ಒಪ್ಪಿಲ್ಲ. "ಗಂಡು ನಾಯಿಗೆ ಆಪರೇಷನ್ ಎಂತಕ್ಕೆ?" ಎನ್ನುತ್ತಾನೆ. ಟೈಗರ ಇವತ್ತೂ ಬೇಲಿ ಹಾರುತ್ತಿದ್ದಾನೆ.

ಈಗ ನಿಮ್ಮ ಹತ್ತಿರ ಒಂದು ಮಾತು. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ, ಗಂಡಿರಲಿ ಹೆಣ್ಣಿರಲಿ, ಆರು ತಿಂಗಳಾಗುತ್ತಲೇ ಪಶು ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ದಿನ ಕೇಳಿ. ಬೆದೆಗೆ ಬಂದರೆ ಮೂರು ವಾರ ಕಟ್ಟಿ ಹಾಕಿ. ತಪ್ಪಿ ಗಂಡು ನಾಯಿ ಕೂಡಿದರೆ ಹೊಟ್ಟೆ ಕಾಣುವವರೆಗೆ ಕಾಯಬೇಡಿ, ಆ ವಾರವೇ ಡಾಕ್ಟರನ್ನು ಕಾಣಿ. ಮನೆ ಮದ್ದು, ಮನುಷ್ಯರ ಮಾತ್ರೆ ಬೇಡವೇ ಬೇಡ. ಹುಟ್ಟಿದ ಮರಿಯನ್ನು ಎರಡು ತಿಂಗಳಾಗುವ ಮೊದಲು ತಾಯಿಯಿಂದ ಬಿಡಿಸಬೇಡಿ. ದಾರಿಯಲ್ಲಿ ಬಿಟ್ಟು ಬರುವುದು ಕಾನೂನಿನ ಪ್ರಕಾರವೂ ಅಪರಾಧ. ಜಾತಿ ನಾಯಿಯ ಮರಿ ಮಾರುವ ಆಸೆ ಇರುವವರೂ ಕೇಳಿ: ತಾಯಿಗೆ ಎರಡು ವರ್ಷ ತುಂಬಿ, ಡಾಕ್ಟರು ಸರಿ ಎಂದು, ಹೆಣ್ಣು ಮರಿಗಳೂ ಸೇರಿ ಎಲ್ಲಕ್ಕೂ ಮನೆ ಗೊತ್ತಾಗುವವರೆಗೆ ಆ ಮಾತೇ ಎತ್ತಬೇಡಿ. ಬೆದೆಗೆ ಬಂದಾಗಲೆಲ್ಲ ಹೆರಿಸುವುದಂತೂ ಕಟುಕತನ.

ಇದನ್ನು ಓದಿ ನಿಮಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಬಂದು ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಬರುವಾಗ ನಿಮ್ಮ ನಾಯಿಯನ್ನೂ ಕರೆದುಕೊಂಡು ಬನ್ನಿ.