ರೊಟ್ಟಿ ಬಡಿಯುವವಳ ತಾಟು

ಬಸುರಿ ಸೊಸೆ ರೋಹಿಣಿಯ ಮೈಯಲ್ಲಿ ರಕ್ತ ಕಡಿಮೆಯಿದೆ ಎಂದು ನರ್ಸಬಾಯಿ ಹೇಳಿದಾಗ ಮೊರಬದ ಅನ್ನವ್ವನಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಅಡುಗೆಮನೆಗೇ ಯಾರೋ ಕೆಟ್ಟ ಹೆಸರಿಟ್ಟಂತಾಯಿತು.

"ಬರೀ ಗುಳಿಗಿ ಸಾಲಂಗಿಲ್ಲ ಅನ್ನವ್ವಾ. ಕಾಳು, ತೊಪ್ಪಲ ಪಲ್ಲೆ, ಶೇಂಗಾ ಹೊಟ್ಟಿ ತುಂಬ ಉಣ್ಣಬೇಕು. ಹಿಂಗ ಇದ್ರ ಹೆರಿಗಿಗೆ ತ್ರಾಸ ಆಕ್ಕೈತಿ," ಎಂದರು ನರ್ಸಬಾಯಿ.

ದಾಳಿಂಬೆ, ಖರ್ಜೂರ ಕೊಳ್ಳುವ ತಾಕತ್ತು ಮನೆಗಿರಲಿಲ್ಲ. ಮಗ ಈರೇಶ ಬೇರೆಯವರ ಟ್ರ್ಯಾಕ್ಟರ್ ಓಡಿಸಿ ತಂದದ್ದರಲ್ಲೇ ನಾಲ್ವರ ಊಟ. ಆದರೂ ಅನ್ನವ್ವ ಟೊಂಕ ಕಟ್ಟಿದಳು. ಹಿತ್ತಲಲ್ಲಿ ರಾಜಗಿರಿ ಬಿತ್ತಿದಳು. ಕಳೆ ತೆಗೆಯಲು ಹೋದ ಹೊಲದಿಂದ ಹತ್ತರಕಿ ಸೊಪ್ಪು ತಂದಳು. ಮಡಿಕೆ ಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ಎಲ್ಲಕ್ಕೂ ಶೇಂಗಾ ಪುಡಿ ಉದುರಿಸಿದಳು. ಗಂಡ ಗುಡದಪ್ಪನ ಹೊಟ್ಟೆಗಂತೂ ಸುಗ್ಗಿ. ಮತ್ತೆ ಮತ್ತೆ ನೀಡಿಸಿಕೊಂಡು ಉಂಡ.

ಮರುತಿಂಗಳ ತಪಾಸಣೆಯಲ್ಲಿ ರಕ್ತ ಇದ್ದಲ್ಲೇ ಇತ್ತು.

"ನೀ ಉಣ್ಣೂದಿಲ್ಲೇನಬೇ?" ಅನ್ನವ್ವ ಗದರಿದಳು.

"ಉಣ್ತೀನ್ರಿ ಅತ್ತಿ," ಎಂದಳು ರೋಹಿಣಿ.

ಆ ಸಂಜೆ ಅನ್ನವ್ವ ಉಂಡ ತಾಟನ್ನು ತಾನೇ ಒಳಗೆ ಒಯ್ದಳು. ಒಲೆಯ ಮುಂದೆ ರೋಹಿಣಿ ಒಣಖಾರ, ಎಣ್ಣೆಯಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದಳು. ಪಲ್ಲೆಯ ಬೋಗುಣಿ ಬಳಿದು ಬರಿದಾಗಿತ್ತು. ಈ ಮನೆಯಲ್ಲಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು. ಹಾಗಾಗಿ ಬಡಿಯುವವಳು ಉಣ್ಣುವುದು ಎಲ್ಲರಿಗಿಂತ ಕಡೆಗೆ. ಮಂಡಿನೋವೆಂದು ಒಲೆ ಬಿಟ್ಟು ಗಂಡಸರ ಜೊತೆಗೇ ಬಿಸಿ ರೊಟ್ಟಿ ಉಣ್ಣುತ್ತಿದ್ದ ಅನ್ನವ್ವನಿಗೆ ನಾಚಿಕೆಯಾಯಿತು. ತುಂಬ ನಾಚಿಕೆಯಾಯಿತು.

ಪಡಸಾಲೆಗೆ ಬಂದು ಗಟ್ಟಿಯಾಗಿ ಹೇಳಿದಳು: "ನಾಳಿಂದ ಈ ಮನ್ಯಾಗ ಬಿಸಿ ರೊಟ್ಟಿ ಬಂದ್!"

ಮರುದಿನ ಮಧ್ಯಾಹ್ನವೇ ಅತ್ತೆ ಸೊಸೆ ಕೂಡಿ ತೆಳ್ಳಗೆ ರೊಟ್ಟಿ ಬಡಿದು, ಒಲೆಯ ಬದಿಗೆ ಒರಗಿಸಿ ಗರಿಗರಿಯಾಗಿ ಕಟಕ ಮಾಡಿ, ಬುಟ್ಟಿಯಲ್ಲಿ ಪೇರಿಸಿದರು. ಸಂಜೆ ಅನ್ನವ್ವ ನಾಲ್ಕೂ ತಾಟು ಒಟ್ಟಿಗೇ ಹಾಕಿ, ಪಲ್ಲೆಯನ್ನು ಮೊದಲು ರೋಹಿಣಿಗೆ ನೀಡಿದಳು.

"ಈ ಕಟಕ ರೊಟ್ಟಿ ನಾ ಉಣ್ಣಂಗಿಲ್ಲ. ಬಿಸೀದು ಬಡದ ಮ್ಯಾಲೆ ಕರೀರಿ," ಎಂದು ಗುಡದಪ್ಪ ಎದ್ದು ಹೊರಗಿನ ಕಟ್ಟೆಗೆ ಹೋದ. ಹೆದರಿದ ರೋಹಿಣಿ ಏಳಹೋದರೆ ಅನ್ನವ್ವ ಸೆರಗು ಹಿಡಿದು ಕೂಡಿಸಿದಳು. ಈರೇಶ ತಾಯಿಯ ಮುಖ ನೋಡಿ, ರೊಟ್ಟಿ ಮುರಿದ. ಮುದುಕನನ್ನು ಯಾರೂ ಕರೆಯಲಿಲ್ಲ.

ಹಸಿವು ತಾಳದೆ ಅವನೇ ಒಳಗೆ ಬಂದಾಗ ಬೋಗುಣಿ ಖಾಲಿ. ಅನ್ನವ್ವ ರೊಟ್ಟಿಯ ಜೊತೆ ಒಣಖಾರ, ಎಣ್ಣೆ ಇಟ್ಟಳು.

"ಬರೀ ಖಾರದಾಗ ಹೆಂಗ ಉಣಬೇಕ?"

"ನಿಮ್ಮ ಸೊಸಿನ್ನ ಕೇಳ್ರಿ. ಹೊಟ್ಯಾಗ ಕೂಸ ಇಟಗೊಂಡು ಇಷ್ಟ ದಿನಾ ಅದನ್ನ ಉಂಡಾಳ."

ಗುಡದಪ್ಪ ತಾಟನ್ನು ಹತ್ತಿರ ಎಳೆದುಕೊಂಡ. ಖಾರದ ರೊಟ್ಟಿಯನ್ನು ಚೂರೂ ಬಿಡದೆ ಉಂಡ. ಮರುಸಂಜೆ ನಾಲ್ಕು ತಾಟು ಹಾಕಿದವನು ಅವನೇ. ಹಾಕಿ, "ಎಲ್ಲಾರೂ ಲಗೂನ ಬರ್ರಿ, ಹಸಿವ್ಯಾಗೇತಿ," ಎಂದು ಗೊಣಗಿದ.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿತ್ತು.

"ಏನ ಹೊಸಾದು ಮಾಡಿ ಹಾಕಿದಿ ಅನ್ನವ್ವಾ?" ಎಂದು ನರ್ಸಬಾಯಿ ಕೇಳಿದರು.

"ಹೊಸಾದೇನಿಲ್ರಿ. ಅದ ಕಾಳು, ಅದ ಪಲ್ಲೆ. ಈಗ ಇಕಿನೂ ನಮ್ಮ ಜೋಡಿ ಕುಂತು ಉಣ್ತಾಳ್ರಿ."